ನಾಯಿ ಕಚ್ಚುತ್ತೆ ಅಂತ ಕೋಲು ಹಿಡಿಯೋ ಮೊದಲು

ಹಸು ಇದ್ದಕ್ಕಿದ್ದಂತೆ ಹಾಲು ಕಡಿಮೆ ಮಾಡಿದರೆ ನಾವ್ಯಾರೂ ಅದನ್ನ ಹೊಡೆಯಲ್ಲ. ಕೆಚ್ಚಲು ಮುಟ್ಟಿ ನೋಡ್ತೀವಿ, ಜ್ವರ ಇದೆಯಾ ನೋಡ್ತೀವಿ, ಮೇವು ಏನಾದ್ರೂ ಬದಲಾಯ್ತಾ ಅಂತ ಯೋಚನೆ ಮಾಡ್ತೀವಿ. ಅದೇ ಮನೆ ನಾಯಿ ಬೈಕಲ್ಲಿ ಬಂದವರ ಮೇಲೆ ಎಗರಿದರೆ ಮಾತ್ರ ಮೊದಲು ಕೈಗೆ ಬರೋದು ಕೋಲು. "ಇದರ ಬುದ್ಧಿನೇ ಹಿಂಗೆ" ಅಂದುಬಿಡ್ತೀವಿ.

ತಿಪಟೂರು ಕಡೆ ನಮ್ಮದು ತೆಂಗಿನ ತೋಟ. ಮೂರು ಹಸು, ಒಂದಷ್ಟು ನಾಟಿ ಕೋಳಿ, ಕಾವಲಿಗೆ ಎರಡು ನಾಯಿ. ತೋಟದ ಮನೆಗೆ ನಾಯಿ ಬೇಕೇ ಬೇಕು. ಆದರೆ ಅದೇ ನಾಯಿ ಕಾಯಿ ಕೀಳೋರನ್ನ ಕಚ್ಚಿದರೆ, ಪಕ್ಕದವರ ಕುರಿಮರಿ ಹಿಡಿದರೆ ಕಾವಲೇ ತಲೆನೋವಾಗುತ್ತೆ. ನಾನು ಕಂಡುಕೊಂಡಿದ್ದು ಇಷ್ಟೇ: ಹಾಲು ಕಡಿಮೆ ಆಗೋಕೆ ಕಾರಣ ಇರೋ ಹಾಗೆ ನಾಯಿ ಕಚ್ಚೋದಕ್ಕೂ ಕಾರಣ ಇರುತ್ತೆ. ಅದನ್ನ ಹುಡುಕದೆ ಮಾಡೋ ಉಪಾಯ ಯಾವುದೂ ನಿಲ್ಲಲ್ಲ.

ಮೊದಲು ಮೈ ನೋಡಿ

ಸಾಧುವಾಗಿದ್ದ ನಾಯಿ ಮುಟ್ಟಿದರೆ ಗುರ್ ಅನ್ನೋಕೆ ಶುರು ಮಾಡಿದರೆ ನೋವು ಇರಬಹುದು. ಕಿವಿಯೊಳಗೆ ವಾಸನೆ, ಕೀವು ಇದೆಯಾ ನೋಡಿ. ಕಾಲ್ಬೆರಳ ಸಂದಿ, ಕಿವಿ ಮಡಿಕೆ, ಕುತ್ತಿಗೆ ಪಟ್ಟಿಯ ಕೆಳಗೆ ಉಣ್ಣೆ ಕೂತಿರುತ್ತೆ. ಎಳೆ ವಯಸ್ಸಲ್ಲಿ ಕಟ್ಟಿದ ಪಟ್ಟಿಯನ್ನ ಸಡಿಲ ಮಾಡದೆ ಬಿಟ್ಟು, ಅದು ಚರ್ಮ ಕೊಯ್ದು ಗಾಯ ಆಗಿರೋದನ್ನೂ ನೋಡಿದ್ದೀನಿ. ವಯಸ್ಸಾದ ನಾಯಿಗೆ ಹಲ್ಲು, ಕೀಲು ನೋವು ಸಾಮಾನ್ಯ.

ಒಂದು ಎಚ್ಚರಿಕೆ. ಸ್ವಭಾವ ಒಂದೆರಡು ದಿನದಲ್ಲೇ ಪೂರ್ತಿ ಬದಲಾಗಿ, ಜೊಲ್ಲು ಸುರಿಸ್ತಾ, ನುಂಗೋಕೆ ಆಗದೆ, ಬೊಗಳೋ ದನಿ ಒಡೆದು, ನಡಿಗೆ ತೂರಾಡ್ತಿದ್ದರೆ ಅದು ಹುಚ್ಚು ರೋಗ, ಅಂದರೆ ರೇಬೀಸ್ ಇರಬಹುದು. ಆಗ ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಲೇಬೇಡಿ. ಮಕ್ಕಳನ್ನ, ದನಗಳನ್ನ ದೂರ ಇಟ್ಟು ಪಶುವೈದ್ಯರಿಗೆ ಫೋನ್ ಮಾಡಿ.

ಮೊಬೈಲಲ್ಲೇ ಲೆಕ್ಕ ಇಡಿ

ಮೈಯಲ್ಲಿ ಏನೂ ತೊಂದರೆ ಇಲ್ಲ ಅಂತಾದರೆ ಒಂದು ವಾರ ಮೊಬೈಲಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಯಾವಾಗ, ಎಲ್ಲಿ, ಅದಕ್ಕೆ ಮುಂಚೆ ಏನಾಯ್ತು, ಆಮೇಲೆ ನಾಯಿಗೆ ಏನು ಸಿಕ್ತು. ದೂರದಿಂದ ಒಂದು ವಿಡಿಯೊ ಮಾಡಿದರೆ ಇನ್ನೂ ಒಳ್ಳೇದು. ವೈದ್ಯರಿಗೂ ತೋರಿಸಬಹುದು.

ನಮ್ಮ ಪಕ್ಕದ ತೋಟದವರ ಗಂಡು ನಾಯಿ ಬೈಕಲ್ಲಿ ಬಂದ ಯಾರನ್ನೂ ಬಿಡ್ತಿರಲಿಲ್ಲ. ಒಬ್ಬರ ಮೀನಖಂಡಕ್ಕೆ ಬಾಯಿ ಹಾಕಿದ ಮೇಲೆ ಅದನ್ನ ಎಲ್ಲಾದರೂ ದೂರ ಬಿಟ್ಟು ಬರೋಣ ಅನ್ನೋ ಮಾತೂ ಬಂತು. ಒಂದು ವಾರ ಬರೆದಿಟ್ಟು ನೋಡಿ ಅಂದೆ. ಬರೆದಾಗ ವಿಷಯ ಬಯಲಾಯ್ತು. ನಾಯಿಯನ್ನ ಗೇಟಿನ ಪಕ್ಕದ ಮರಕ್ಕೆ, ನಾಲ್ಕಡಿ ಸರಪಳಿಯಲ್ಲಿ, ಇಡೀ ದಿನ ಕಟ್ಟಿರ್ತಿದ್ದರು. ಗದ್ದೆ ಕಡೆಯಿಂದ ನಡೆದು ಬಂದವರಿಗೆ ಅದು ಬೊಗಳ್ತಿರಲಿಲ್ಲ. ಗೇಟಿನ ಹತ್ತಿರ ಬೈಕ್ ನಿಂತಾಗ ಮಾತ್ರ ಎಗರ್ತಿತ್ತು.

ನಾಯಿ ಕಡೆಯಿಂದ ಯೋಚನೆ ಮಾಡಿ. ಹೆದರಿಕೆ ಆದರೆ ಓಡಿಹೋಗೋಕೆ ದಾರಿ ಇಲ್ಲ, ಸರಪಳಿ ಇದೆ. ಉಳಿದಿರೋ ದಾರಿ ಬೊಗಳಿ ಹೆದರಿಸೋದು. ಬೊಗಳಿತು, ಬಂದವರು ಕೆಲಸ ಮುಗಿಸಿ ಹೊರಟರು. ನಮಗೆ ಗೊತ್ತು ಅವರು ಹೇಗಿದ್ದರೂ ಹೋಗೋರೇ ಅಂತ. ನಾಯಿ ಲೆಕ್ಕದಲ್ಲಿ ಮಾತ್ರ ತಾನು ಬೊಗಳಿದ್ದಕ್ಕೇ ಹೋದರು. ಹೀಗೆ ದಿನಕ್ಕೆ ನಾಲ್ಕು ಸಲ ಗೆಲ್ಲೋ ನಾಯಿ ಅದನ್ನ ಯಾಕೆ ಬಿಡುತ್ತೆ?

ಅವರು ಮಾಡಿದ್ದು ಮೂರು ಕೆಲಸ. ಒಂದು, ಕಟ್ಟೋ ಜಾಗವನ್ನ ಗೇಟಿಂದ ಮನೆ ಹಿಂದಕ್ಕೆ ಬದಲಾಯಿಸಿದರು. ಎರಡು, ಎರಡು ತೆಂಗಿನ ಮರದ ನಡುವೆ ಮೂವತ್ತಡಿ ತಂತಿ ಬಿಗಿದು, ಸರಪಳಿಯ ಬಳೆ ಅದರ ಮೇಲೆ ಜಾರೋ ಹಾಗೆ ಮಾಡಿದರು. ಸರಪಳಿ ಮರಕ್ಕೆ ಸುತ್ತಿಕೊಳ್ಳದ ಹಾಗೆ ಎರಡೂ ಕಡೆ ತಡೆ, ನೆರಳು, ನೀರು. ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ತೋಟ ಸುತ್ತಿಸೋದು ಬೇರೆ. ಮೂರನೇದು ತಾಳ್ಮೆಯ ಕೆಲಸ. ಬೈಕ್ ದೂರದಲ್ಲಿ, ನಾಯಿ ಇನ್ನೂ ಬೊಗಳದೆ ಬರೀ ನೋಡೋವಷ್ಟು ದೂರದಲ್ಲಿ ನಿಲ್ಲಬೇಕು. ಬೈಕ್ ಕಂಡ ತಕ್ಷಣ ಮನೆಯವರು ಬೇಯಿಸಿದ ಮೊಟ್ಟೆಯ ಚೂರು ಕೊಡಬೇಕು. ಬೈಕ್ ಹೋದಮೇಲೆ ಮೊಟ್ಟೆ ಇಲ್ಲ. ವಾರ ವಾರಕ್ಕೆ ಬೈಕ್ ಸ್ವಲ್ಪ ಹತ್ತಿರ. ಸುಮಾರು ಎರಡು ತಿಂಗಳಾದ ಮೇಲೆ ಬೈಕ್ ಸದ್ದು ಕೇಳಿದರೆ ನಾಯಿ ಮನೆಯವರ ಮುಖ ನೋಡೋಕೆ ಶುರು ಮಾಡ್ತು. ಈಗಲೂ ಹೊಸಬರು ಬಂದರೆ ಬೊಗಳುತ್ತೆ. ಕಾವಲಿಗೆ ಅಷ್ಟು ಸಾಕು. ಆದರೂ ಕಾಯಿ ಕೀಳೋ ದಿನ ಅದನ್ನ ಒಳಗೇ ಕಟ್ಟಿರ್ತಾರೆ. ಒಂದು ಸಲ ಕಚ್ಚಿದ ನಾಯಿಯನ್ನ ಪೂರ್ತಿ ನಂಬಿ ಬಿಡೋದು ಬೇಡ.

ಕೋಲು ಯಾಕೆ ಕೆಲಸ ಮಾಡಲ್ಲ?

ನಾಯಿ ತಾನು ಮಾಡಿದ್ದಕ್ಕೂ ಅದರ ಫಲಕ್ಕೂ ನಂಟು ಹಾಕೋದು ಒಂದೆರಡು ಸೆಕೆಂಡಿನೊಳಗೆ. ಬೆಳಿಗ್ಗೆ ಕೋಳಿ ಹಿಡಿದಿದ್ದಕ್ಕೆ ಮಧ್ಯಾಹ್ನ ಹೊಡೆದರೆ, ನೀವು ಹತ್ತಿರ ಬಂದರೆ ಏಟು ಬೀಳುತ್ತೆ ಅನ್ನೋದಷ್ಟೇ ಅದಕ್ಕೆ ಗೊತ್ತಾಗೋದು.

ಇನ್ನೂ ದೊಡ್ಡ ಅಪಾಯ ಗುರ್ ಅಂದಿದ್ದಕ್ಕೆ ಹೊಡೆಯೋದು. ಮೈ ಬಿಗಿ ಮಾಡೋದು, ಕಣ್ಣಂಚಲ್ಲಿ ನೋಡೋದು, ಮುಖ ತಿರುಗಿಸೋದು, ತುಟಿ ಎತ್ತೋದು, ಗುರ್ ಅನ್ನೋದು, ಇವೆಲ್ಲ "ದೂರ ಹೋಗು" ಅಂತ ಅದು ಕೊಡೋ ಎಚ್ಚರಿಕೆ. ಹೊಡೆದು ಗುರ್ ನಿಲ್ಲಿಸಿದರೆ ಎಚ್ಚರಿಕೆ ನಿಲ್ಲುತ್ತೆ, ಹೆದರಿಕೆ ಒಳಗೇ ಇರುತ್ತೆ. ಆಮೇಲೆ ಅದು ಸುಳಿವು ಕೊಡದೆ ಕಚ್ಚುತ್ತೆ. ಬಾಲ ಅಲ್ಲಾಡಿಸಿದರೆ ಖುಷಿಯಾಗಿದೆ ಅಂತಲೂ ನಂಬಬೇಡಿ. ಬಾಲ ನೆಟ್ಟಗೆ ನಿಲ್ಲಿಸಿ, ಮೈ ಸೆಟೆದು ಬಿರುಸಾಗಿ ಅಲ್ಲಾಡಿಸ್ತಿದ್ದರೆ ಹತ್ತಿರ ಹೋಗಬೇಡಿ. ಊಟ ಮಾಡೋವಾಗ ಗುರ್ ಅನ್ನೋ ನಾಯಿಯ ತಟ್ಟೆ ಕಿತ್ತುಕೊಳ್ಳಬೇಡಿ. ದೂರದಿಂದಲೇ ಇನ್ನೊಂದು ಒಳ್ಳೆ ತುಂಡು ಎಸೆದು ಮುಂದೆ ಹೋಗಿ. ಮಕ್ಕಳನ್ನ ಮಾತ್ರ ಆ ಕಡೆ ಬಿಡಬೇಡಿ.

ಕೋಳಿ, ಕುರಿ ಅಟ್ಟಿಸೋದು

ಇದು ಸಿಟ್ಟಲ್ಲ, ಬೇಟೆ ಬುದ್ಧಿ. ಮುಧೋಳ ನಾಯಿಯನ್ನೇ ತಗೊಳ್ಳಿ. ಕಣ್ಣಿಂದ ನೋಡಿ, ಓಡಿಸಿ ಹಿಡಿಯೋ ತಳಿ ಅದು. ಓಡೋದನ್ನ ಕಂಡರೆ ಓಡೋದು ಅದರ ರಕ್ತದಲ್ಲೇ ಇದೆ. ಅಟ್ಟಿಸೋದೇ ಅದಕ್ಕೆ ಬಹುಮಾನ, ಹಾಗಾಗಿ ಏಟು ತಿಂದರೂ ಬಿಡಲ್ಲ. ಉಪಾಯ ಒಂದೇ: ಅಟ್ಟಿಸೋ ಅವಕಾಶವೇ ಸಿಗಬಾರದು. ಕಲಿಯೋವರೆಗೂ ಕುತ್ತಿಗೆಗೆ ಇಪ್ಪತ್ತಡಿ ಹಗ್ಗ ಇರಲಿ. ಕೋಳಿ ದೂರದಲ್ಲಿ ಇರುವಾಗ "ಬಾ" ಅನ್ನಿ, ತಿರುಗಿ ಬಂದರೆ ತಿನ್ನೋಕೆ ಕೊಡಿ. ಕರೆದು ಬಂದ ನಾಯಿಗೆ ಯಾವ ಕಾರಣಕ್ಕೂ ಬೈಯಬೇಡಿ, ಮುಂದಿನ ಸಲ ಅದು ಬರಲ್ಲ. ತಳಿ ಆರಿಸೋವಾಗಲೇ ಇದನ್ನ ಯೋಚಿಸಿ. ಕೋಳಿ ಬಿಟ್ಟು ಸಾಕೋ ಮನೆಗೆ ಬೇಟೆ ನಾಯಿಗಿಂತ ನಮ್ಮ ಸಾದಾ ನಾಟಿ ನಾಯಿ ವಾಸಿ.

ರಾತ್ರಿಯೆಲ್ಲಾ ಬೊಗಳೋದು

ಹಗಲೆಲ್ಲಾ ಕಟ್ಟಿಹಾಕಿದ ನಾಯಿ ಹಗಲು ಮಲಗಿ ರಾತ್ರಿ ಬೊಗಳುತ್ತೆ. ಸಂಜೆ ಸುತ್ತಾಡಿಸಿ, ಆಮೇಲೆ ಊಟ ಹಾಕಿ. ನಮ್ಮ ಕಡೆ ಚಿರತೆ ಓಡಾಟ ಇದೆ, ಊರ ನಾಯಿ ಅಂದರೆ ಚಿರತೆಗೆ ಸುಲಭದ ಊಟ. ಬಯಲಲ್ಲಿ ಒಂಟಿಯಾಗಿ ಕಟ್ಟಿದ ನಾಯಿ ಹೆದರಿ ಕಿರುಚೋದು ಸಹಜ. ರಾತ್ರಿ ಬಾಗಿಲು ಭದ್ರವಾಗಿರೋ ಕೊಟ್ಟಿಗೆಯೊಳಗೆ ಇರಲಿ. ಬೆದೆ ವಾಸನೆಗೆ ಊರೂರು ಅಲೆಯೋ ಗಂಡು ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಲೆದಾಟ, ಅದಕ್ಕಾಗಿ ಆಗೋ ಜಗಳ ಕಡಿಮೆ ಆಗುತ್ತೆ. ಹೆದರಿಕೆಯಿಂದ ಕಚ್ಚೋದು ಮಾತ್ರ ಅದರಿಂದ ಹೋಗಲ್ಲ.

ಮರಿ ತರೋರಿಗೆ

ಕಣ್ಣು ಬಿಟ್ಟ ತಕ್ಷಣ ಮರಿ ತರಬೇಡಿ. ಎಂಟು ವಾರ ತಾಯಿ, ಒಡಹುಟ್ಟಿದ ಮರಿಗಳ ಜೊತೆ ಇರಲಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತೆ ಅಂತ ಅದು ಕಲಿಯೋದು ಅಲ್ಲೇ. ಮೂರರಿಂದ ಹದಿನಾಲ್ಕು ವಾರದೊಳಗೆ ಏನೇನು ನೋಡುತ್ತೋ ಅದಕ್ಕೆ ಜೀವನಪೂರ್ತಿ ಹೆದರಿಕೆ ಕಡಿಮೆ. ಹಸು, ಕೋಳಿ, ಮಕ್ಕಳು, ಬೈಕು, ಟ್ರ್ಯಾಕ್ಟರ್ ಸದ್ದು, ಎಲ್ಲಾ ನಿಧಾನಕ್ಕೆ ತೋರಿಸಿ. ಲಸಿಕೆ ಮುಗಿಯೋವರೆಗೂ ಬೀದಿ ನಾಯಿಗಳ ಜೊತೆ ಬಿಡದೆ, ಎತ್ತಿಕೊಂಡೇ ತೋರಿಸಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ಹಾಗೆ ವರ್ಷ ವರ್ಷ ತಪ್ಪದೆ ಹಾಕಿಸಿ.

ಕಚ್ಚಿಬಿಟ್ಟರೆ

ಗಾಯವನ್ನ ಸೋಪು ಹಾಕಿ, ಹರಿಯೋ ನೀರಲ್ಲಿ ಪೂರ್ತಿ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ, ಅರಿಶಿನ ಏನೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಲ್ಲಿ ಎಲ್ಲಾ ಇಂಜೆಕ್ಷನ್ ಮುಗಿಸಿ. ನಮ್ಮ ನಾಯಿಗೆ ಲಸಿಕೆ ಆಗಿದೆ ಅಂತ ನೀವೇ ತೀರ್ಮಾನ ಮಾಡಬೇಡಿ, ವೈದ್ಯರು ಹೇಳಲಿ. ಕಚ್ಚಿದ ನಾಯಿಯನ್ನ ಕೊಲ್ಲದೆ, ಓಡಿಸದೆ 10 ದಿನ ಕಟ್ಟಿ ಗಮನಿಸಿ. ಹಸು, ಕರು ಕಚ್ಚಿಸಿಕೊಂಡರೂ ಹೀಗೇ ತೊಳೆದು ಪಶುವೈದ್ಯರನ್ನ ಕರೆಸಿ, ಅವಕ್ಕೂ ಲಸಿಕೆ ಇದೆ. ರೇಬೀಸ್ ಲಕ್ಷಣ ಶುರುವಾದ ಮೇಲೆ ಬದುಕಿಸೋದು ಹೆಚ್ಚುಕಡಿಮೆ ಅಸಾಧ್ಯ.

ಕಾನೂನೂ ತಿಳಿದಿರಲಿ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಾಗಂತ ಗಿಡ್ಡ ಸರಪಳಿಯಲ್ಲಿ ಸದಾ ಕಟ್ಟಿಹಾಕೋದೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧವೇ.

ಇವತ್ತು ಸಂಜೆ ಹಾಲು ಕರೆದು ಮುಗಿದ ಮೇಲೆ ಹತ್ತು ನಿಮಿಷ ಮಾಡಿಕೊಳ್ಳಿ. ನಾಯಿಯ ಕುತ್ತಿಗೆ ಪಟ್ಟಿಯೊಳಗೆ ಎರಡು ಬೆರಳು ಆರಾಮಾಗಿ ಹೋಗುತ್ತಾ ನೋಡಿ, ಸರಪಳಿ ಎಷ್ಟಡಿ ಇದೆ ಅಳೆಯಿರಿ, ಕೊನೇ ಲಸಿಕೆ ಯಾವ ತಾರೀಖು ಅಂತ ಚೀಟಿ ಹುಡುಕಿ ಫೋಟೊ ತೆಗೆದಿಟ್ಟುಕೊಳ್ಳಿ. ಲಸಿಕೆಗೆ ವರ್ಷ ದಾಟಿದ್ದರೆ ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ ಆಗಲಿ.