ಮಂಚದ ಪಕ್ಕದಲ್ಲೇ ಇರಬೇಕಾದ ಬಾಟಲಿ

ವೈದ್ಯರ ಕೈಯಿಂದಲೇ ರೋಗ ಹರಡುತ್ತದೆಂದು ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ತೋರಿಸಿಕೊಟ್ಟದ್ದು 1847ರಲ್ಲಿ. ಸುಮಾರು ಒಂದೂವರೆ ಶತಮಾನದ ಬಳಿಕ, 1994ರ ಡಿಸೆಂಬರಿನಲ್ಲಿ, ಜಿನೀವಾ ವಿಶ್ವವಿದ್ಯಾಲಯ ಆಸ್ಪತ್ರೆಯ ಡಿಡಿಯೆ ಪಿಟೆ ಮತ್ತು ಸಂಗಡಿಗರು ತಮ್ಮ ಸಿಬ್ಬಂದಿಯ ಕೈಗಳ ಮೇಲೆ ಕಣ್ಣಿಟ್ಟರು. ಕೈ ಶುಚಿ ಮಾಡಿಕೊಳ್ಳಲೇಬೇಕಾದ 2,800ಕ್ಕೂ ಹೆಚ್ಚು ಸಂದರ್ಭಗಳನ್ನು ಗುರುತು ಹಾಕಿದರು. ಆ ಕೆಲಸ ನಡೆದದ್ದು ಶೇ. 48ರಷ್ಟು ಸಂದರ್ಭಗಳಲ್ಲಿ ಮಾತ್ರ. ಐಸಿಯುನಲ್ಲಂತೂ ಶೇ. 36.

ಅಲ್ಲಿಯ ನರ್ಸುಗಳಿಗೆ ವಿಷಯ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಕೆಲಸದ ಒತ್ತಡ ಏರಿದಷ್ಟೂ ಕೈತೊಳೆತ ಇಳಿಯುತ್ತಿತ್ತು. ಐಸಿಯುನಲ್ಲಿ ಗಂಟೆಗೆ ಸುಮಾರು 20 ಸಲ ಕೈ ಶುಚಿ ಮಾಡಿಕೊಳ್ಳುವ ಪ್ರಸಂಗ ಬರುತ್ತದೆ. ಪ್ರತಿ ಸಲವೂ ಸಿಂಕಿನವರೆಗೆ ಹೋಗಿ, ಸೋಪು ಹಚ್ಚಿ, ತೊಳೆದು, ಒರೆಸಿಕೊಂಡು ಬರಲು ಒಂದು ನಿಮಿಷವಾದರೂ ಬೇಕು. ಗಂಟೆಯಲ್ಲಿ 20 ನಿಮಿಷ ಅದಕ್ಕೇ ಹೋದರೆ ರೋಗಿಯನ್ನು ನೋಡುವವರು ಯಾರು? ಇಂಥವರಿಗೆ ಇನ್ನೊಂದು ಉಪನ್ಯಾಸ ಕೊಡಿಸುವುದರಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ.

ಪಿಟೆ ತಂಡ ಸಿಂಕಿನ ದಾರಿಯನ್ನೇ ತಪ್ಪಿಸಿತು. ಆಲ್ಕೋಹಾಲ್ ದ್ರಾವಣದ ಬಾಟಲಿ ಪ್ರತಿ ಮಂಚದ ಬಳಿಗೆ ಬಂತು, ಜೇಬಿನಲ್ಲಿಟ್ಟುಕೊಳ್ಳಲು ಚಿಕ್ಕದೊಂದು ಬಾಟಲಿಯನ್ನೂ ಕೊಟ್ಟರು. ಎರಡೂ ಕೈಗೆ ಚೆನ್ನಾಗಿ ಉಜ್ಜಿಕೊಳ್ಳಲು 20ರಿಂದ 30 ಸೆಕೆಂಡು ಸಾಕು. ಗೋಡೆಯ ಪೋಸ್ಟರುಗಳನ್ನು ವಾರ್ಡಿನವರೇ ಕೂಡಿ ರೂಪಿಸಿದರು. ಆಗಾಗ ಎಣಿಕೆ ಮಾಡಿ, ಫಲಿತಾಂಶವನ್ನು ಅವರ ಮುಂದೆಯೇ ಇಟ್ಟರು. 1997ರ ಹೊತ್ತಿಗೆ ಶೇ. 48 ಇದ್ದದ್ದು 66ಕ್ಕೆ ಏರಿತು. ಆಸ್ಪತ್ರೆಯಲ್ಲೇ ಅಂಟಿದ ಸೋಂಕಿರುವ ರೋಗಿಗಳ ಪ್ರಮಾಣ ಶೇ. 16.9ರಿಂದ 9.9ಕ್ಕೆ ಇಳಿಯಿತು.

ಈ ದ್ರಾವಣದಲ್ಲಿ ಗುಟ್ಟೇನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಒಂದು ಪಾಕದಲ್ಲಿ ಶೇ. 80 ಎಥನಾಲ್, ಚರ್ಮ ಒಡೆಯದಂತೆ ಶೇ. 1.45 ಗ್ಲಿಸರಿನ್, ದ್ರಾವಣದಲ್ಲೇ ಇರಬಹುದಾದ ಬೀಜಾಣುಗಳನ್ನು ಕೊಲ್ಲಲು ಶೇ. 0.125 ಹೈಡ್ರೋಜನ್ ಪೆರಾಕ್ಸೈಡ್ ಇರುತ್ತವೆ, ಉಳಿದದ್ದು ನೀರು. ಆಸ್ಪತ್ರೆಯ ಔಷಧ ವಿಭಾಗದಲ್ಲೇ ಇದನ್ನು ತಯಾರಿಸಬಹುದು. ಕೈಗೆ ರಕ್ತ, ಕೊಳೆ ಅಂಟಿದ್ದರೆ ಅಥವಾ ರೋಗಿಗೆ ಕ್ಲಾಸ್ಟ್ರಿಡಿಯಂ ಡಿಫಿಸೈಲ್ ಭೇದಿಯಿದ್ದರೆ ಮಾತ್ರ ಸೋಪು–ನೀರೇ ಗತಿ. ಆ ಭೇದಿ ತರುವ ರೋಗಾಣುವಿನ ಬೀಜಾಣುಗಳು ಆಲ್ಕೋಹಾಲಿಗೆ ಬಗ್ಗುವುದಿಲ್ಲ.

ಕೈ ಶುಚಿಯಾಗಬೇಕಾದ ಐದು ಗಳಿಗೆಗಳನ್ನು ಸಂಸ್ಥೆ ಗುರುತಿಸಿದೆ. ರೋಗಿಯನ್ನು ಮುಟ್ಟುವ ಮುನ್ನ, ಮುಟ್ಟಿದ ನಂತರ, ಡ್ರಿಪ್ ಹಾಕುವಂಥ ಕೆಲಸಕ್ಕೆ ಮುನ್ನ, ರಕ್ತ–ಮೂತ್ರ ತಗಲಿರಬಹುದಾದ ಮೇಲೆ: ಈ ನಾಲ್ಕು ಹೇಗೋ ನೆನಪಿರುತ್ತವೆ. ತಪ್ಪಿಹೋಗುವುದು ಐದನೆಯದು, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರದ್ದು. ಡ್ರಿಪ್ ಪಂಪಿನ ಗುಂಡಿ ಒತ್ತಿ, ಮಂಚದ ಕಂಬಿ ಸರಿಸಿ, ಹೊದಿಕೆ ಎಳೆದು, ರೋಗಿಯನ್ನು ಮುಟ್ಟೇ ಇಲ್ಲವಲ್ಲ ಎಂದುಕೊಂಡು ಪಕ್ಕದ ಮಂಚಕ್ಕೆ ಹೋಗಿಬಿಡುತ್ತಾರೆ. ಆದರೆ ಆ ಕಂಬಿಯ ಮೇಲೆ ರೋಗಿಯ ಸೂಕ್ಷ್ಮಾಣುಗಳೇ ಇರುತ್ತವೆ. ಗ್ಲೌಸ್ ತೊಟ್ಟಿದ್ದರೂ ಅಷ್ಟೇ. ಒಂದೇ ಜೊತೆಯಲ್ಲಿ ನಾಲ್ಕು ಮಂಚ ಸುತ್ತಿದರೆ ಅದು ತೊಟ್ಟವರನ್ನು ಕಾಯಬಹುದು, ರೋಗಿಗಳನ್ನಲ್ಲ.

ಜಿನೀವಾದ ಸುಧಾರಣೆ ಹೆಚ್ಚಾಗಿ ನರ್ಸುಗಳು ಮತ್ತು ಅವರ ಸಹಾಯಕರಿಂದ ಬಂತು. ವೈದ್ಯರು ಹೆಚ್ಚೇನೂ ಬದಲಾಗಲಿಲ್ಲ. ನನಗೆ ಅತಿ ಕಳವಳದ ಸಂಗತಿ ಇದೇ. ಬೆಳಗಿನ ರೌಂಡ್ಸಿನಲ್ಲಿ ಹಿರಿಯ ವೈದ್ಯರು ಬಾಟಲಿ ಮುಟ್ಟದೆ ಮುಂದಿನ ಮಂಚಕ್ಕೆ ನಡೆದರೆ, ಹಿಂದೆ ಬರುವ ಕಿರಿಯರೂ ವಿದ್ಯಾರ್ಥಿಗಳೂ ಹಾಗೆಯೇ ನಡೆಯುತ್ತಾರೆ. ಆದ್ದರಿಂದ ಎಣಿಕೆಯ ಹಾಳೆಯಲ್ಲಿ ವೈದ್ಯರಿಗೂ ಒಂದು ಸಾಲು ಬೇಕು, ಅದರ ಅಂಕಿಯನ್ನು ಉಳಿದವರ ಅಂಕಿಯ ಜೊತೆಗೇ ವಾರ್ಡಿನ ಗೋಡೆಗೆ ಅಂಟಿಸಬೇಕು.