ಯಾವ ಕಾಂಬಿನೇಷನ್ ಬೇಕಮ್ಮಾ?

ಪಿ.ಯು.ಸಿ. ರಿಸಲ್ಟು ಬಂದಾಯ್ತು, ಪೇಡೆ ಹಂಚಿದ್ದಾಯ್ತು, ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಪರ್ಸೆಂಟೇಜು ಹೇಳಿದ್ದೂ ಆಯ್ತು. ಈಗ ದಾವಣಗೆರೆಯ ಡಿಗ್ರಿ ಕಾಲೇಜುಗಳ ಬಾಗಿಲಲ್ಲಿ ಜಾತ್ರೆ! ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಬಸ್ಸುಗಳು ಬಂದು ನಿಂತರೆ ಸಾಕು, ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡು, ಟಿ.ಸಿ. ಹಿಡಿದ ಅಪ್ಪಂದಿರು, ಅವರ ಹಿಂದೆ ತಲೆ ತಗ್ಗಿಸಿದ ಮಕ್ಕಳು ಸಾಲುಸಾಲಾಗಿ ಇಳಿಯುತ್ತಾರೆ.

ಮೊನ್ನೆ ಸೋಮವಾರ ಇಂಥದೇ ಒಂದು ಕಾಲೇಜಿನ ಕೌಂಟರಿನ ಬಳಿ ಈ ಅಂಕಣಕಾರ ಸುಮ್ಮನೆ ನಿಂತಿದ್ದ. ಜಗಳೂರು ಕಡೆಯ ರೈತರೊಬ್ಬರು ಮಗಳ ಜತೆ ಬಂದಿದ್ದರು. ಗುಮಾಸ್ತರು ತಲೆ ಎತ್ತದೆಯೇ ಕೇಳಿದರು:

‘ಯಾವ ಕಾಂಬಿನೇಷನ್ ಬೇಕಮ್ಮಾ?’

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ಗುಮಾಸ್ತರ ಮುಖ ನೋಡಿದರು.

‘ನಮಿಗೇನ್ ಗೊತ್ತಾಕ್ಕತಿ ಸಾರ್, ಎಲ್ರೂ ಯಾವುದು ತಗಂಡಾರೋ ಅದನ್ನೇ ಕೊಡ್ರಿ.’

ಹೋಟೆಲಿನಲ್ಲಿ ಪಕ್ಕದ ಟೇಬಲ್ಲು ನೋಡಿ ಬೆಣ್ಣೆ ದೋಸೆ ಹೇಳಿದಂತೆ! ದೋಸೆಯಾದರೆ ಹತ್ತು ನಿಮಿಷದ ಮಾತು. ಇದು ಮೂರು ವರ್ಷದ ಓದು, ಆಮೇಲಿನ ಅನ್ನ.

ಗುಮಾಸ್ತರನ್ನು ಬೈಯುವುದು ಸುಲಭ. ಆದರೆ ಅವರ ಕೆಲಸ ಅರ್ಜಿ ತಗೊಳ್ಳುವುದು, ಬುದ್ಧಿ ಹೇಳುವುದಲ್ಲ. ಬುದ್ಧಿ ಹೇಳಬೇಕಾದವರಿಗೆ ಅಲ್ಲಿ ಕುರ್ಚಿಯೇ ಹಾಕಿರಲಿಲ್ಲ. ನೋಟೀಸ್ ಬೋರ್ಡಿನ ಮೇಲೆ ಎಚ್.ಇ.ಪಿ., ಎಚ್.ಇ.ಕೆ., ಪಿ.ಸಿ.ಎಂ., ಸಿ.ಬಿ.ಝಡ್. ಎಂಬ ಅಕ್ಷರಗಳನ್ನು ಅಂಟಿಸಿದ್ದರು. ಅದರ ಅರ್ಥ ಗೊತ್ತಿದ್ದವರಿಗೆ ಗೊತ್ತು.

ಮನೆಯಲ್ಲಿ ಅಕ್ಕ ಓದಿದ್ದಾಳಲ್ಲ, ಅವಳನ್ನು ಕೇಳಬಾರದೇ ಎಂದರೆ ಅದೂ ಕಷ್ಟ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಆನರ್ಸ್ ಅಂದರು, ಎರಡು ಮುಖ್ಯ ವಿಷಯ ಅಂದರು. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ, ಮೂರು ಮುಖ್ಯ ವಿಷಯಕ್ಕೆ ಬಂತು. ಮಧ್ಯೆ ಸೇರಿದ ಮೂರು ಬ್ಯಾಚಿನವರಿಗೆ ಹಳೆಯ ಲೆಕ್ಕವೇ ಮುಂದುವರಿಯಿತು. ಹೀಗಾಗಿ ಒಂದೇ ಮನೆಯಲ್ಲಿ ಅಕ್ಕನದು ಒಂದು ಪದ್ಧತಿ, ತಮ್ಮನದು ಇನ್ನೊಂದು. ಅಕ್ಕ ಹೇಳಿದ್ದು ತಮ್ಮನಿಗೆ ಹೊಂದುವುದಿಲ್ಲ.

ನಂಬಿಕೆಗಳೂ ಸಾಕಷ್ಟಿವೆ. ಕೆ.ಎ.ಎಸ್. ಬರೆಯಬೇಕಾದರೆ ಎಚ್.ಇ.ಪಿ. ಓದಲೇಬೇಕು ಅನ್ನುವುದು ಬಸ್‌ಸ್ಟ್ಯಾಂಡಿನ ಮಾತು. ಕೆ.ಎ.ಎಸ್.ಗಾಗಲಿ ಪಿ.ಎಸ್.ಐ. ಹುದ್ದೆಗಾಗಲಿ ಯಾವ ಡಿಗ್ರಿಯಾದರೂ ಆದೀತು. ಆದರೆ ಮೇಷ್ಟ್ರಾಗುವುದು ಹಾಗಲ್ಲ. ನೇಮಕಾತಿ ಪ್ರಕಟಣೆಯಲ್ಲಿ ಡಿಗ್ರಿಯಲ್ಲಿ ಯಾವ ವಿಷಯ ಓದಿದ್ದೀರಿ ಎಂದು ಕೇಳಿಯೇ ಕೇಳುತ್ತಾರೆ. ಎಂ.ಎಸ್ಸಿ. ಸೇರುವಾಗಲೂ ಅಷ್ಟೆ. ಗಣಿತ ಕಷ್ಟವೆಂದು ಸಿ.ಬಿ.ಝಡ್. ಹಿಡಿದ ಹುಡುಗ ಆಮೇಲೆ ಭೌತಶಾಸ್ತ್ರ ಓದುತ್ತೇನೆಂದರೆ ಯಾವ ವಿಶ್ವವಿದ್ಯಾಲಯ ಒಳಗೆ ಬಿಟ್ಟೀತು?

ಹೋಗಲಿ, ಮತ್ತೆ ಆ ಹುಡುಗಿಯ ಕಡೆ ಬರೋಣ. ಸಾಲಿನ ಹಿಂದಿನಿಂದ ‘ಬೇಗ ಮಾಡ್ರೀ, ಬಸ್ಸಿಗೆ ಟೈಮಾತು’ ಎಂಬ ಕೂಗು ಎದ್ದಿತ್ತು. ಗುಮಾಸ್ತರು ಎಚ್.ಇ.ಪಿ. ಎಂದು ಬರೆಯಲು ಪೆನ್ನು ಎತ್ತಿದ್ದರು. ಅಷ್ಟರಲ್ಲಿ ಸ್ಟಾಫ್ ರೂಮಿನಿಂದ ಚಹಾಕ್ಕೆಂದು ಹೊರಟ ಹಿರಿಯ ಉಪನ್ಯಾಸಕರೊಬ್ಬರು ನಿಂತರು. ಹುಡುಗಿಯ ಮಾರ್ಕ್ಸ್ ಕಾರ್ಡು ಈಸಿಕೊಂಡು ನೋಡಿದರು.

‘ಇಂಗ್ಲಿಷ್ನಾಗೆ ಇಷ್ಟು ಚಲೋ ಮಾರ್ಕ್ಸ್ ಐತಲ್ಲಮ್ಮ. ಮುಂದೆ ಏನಾಗಬೇಕಂತೀಯ?’

ಬಹಳ ಹೊತ್ತು ಮಾತಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, ‘ಹೈಸ್ಕೂಲ್ ಇಂಗ್ಲಿಷ್ ಮಿಸ್, ಸರ್.’

ಅಪ್ಪ ಬೆರಗಾಗಿ ಮಗಳನ್ನು ನೋಡಿದರು. ಈ ಮಾತು ಅವರೂ ಅದೇ ಮೊದಲ ಸಲ ಕೇಳಿದ್ದು!

‘ಹಂಗಾದ್ರೆ ಇಂಗ್ಲಿಷ್ ಬಿಟ್ಟು ಉಳಿದಿದ್ದೆಲ್ಲ ಯಾಕೆ ತಗಂತೀಯ? ಭಾಷೆಯಾಗಿ ಓದೋ ಇಂಗ್ಲಿಷ್ ಬೇರೆ, ಐಚ್ಛಿಕ ಇಂಗ್ಲಿಷ್ ಬೇರೆ. ಐಚ್ಛಿಕ ತಗಂಡ್ರೆ ಬಿ.ಎಡ್.ಗೂ ಎಂ.ಎ.ಗೂ ದಾರಿ ಸಲೀಸು.’

ಕಾಲೇಜಿನ ಪಟ್ಟಿಯಲ್ಲಿ ಇತಿಹಾಸ, ರಾಜ್ಯಶಾಸ್ತ್ರದ ಜತೆ ಐಚ್ಛಿಕ ಇಂಗ್ಲಿಷ್ ಇರುವ ಕಾಂಬಿನೇಷನ್ ಇತ್ತು. ಇತ್ತು ಅಷ್ಟೆ. ಗುಮಾಸ್ತರು ಕನ್ನಡಕ ಏರಿಸಿಕೊಂಡು ಹೇಳಿದರು: ‘ಸಾರ್, ಅದಕ್ಕೆ ಹತ್ತು ಜನ ಆದ್ರೆ ಮಾತ್ರ ನಡಿಸಾದು. ಇಲ್ಲೀವರೆಗೆ ಆರೇ ಹೆಸರು.’

ಇದು ಇನ್ನೊಂದು ತಾಪತ್ರಯ. ಬೋರ್ಡಿನ ಮೇಲೆ ಇದ್ದದ್ದೆಲ್ಲ ಕ್ಲಾಸಿನಲ್ಲಿ ಇರುವುದಿಲ್ಲ. ಹುಡುಗರು ಬರದಿದ್ದರೆ ವಿಷಯ ನಡೆಯುವುದಿಲ್ಲ, ವಿಷಯ ನಡೆಯುತ್ತದೋ ಇಲ್ಲವೋ ಎಂಬ ಅನುಮಾನಕ್ಕೆ ಹುಡುಗರು ಬರುವುದಿಲ್ಲ. ಹುಡುಗರು ಬಂದರೂ ಪಾಠ ಮಾಡುವವರು ಯಾರು ಎಂಬುದನ್ನು ಕೇಳಿಕೊಳ್ಳಬೇಕು. 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ಮುಷ್ಕರ ಹೂಡಿದಾಗ ಸರ್ಕಾರಿ ಕಾಲೇಜುಗಳಲ್ಲಿ ಪಾಠ ನಿಂತದ್ದನ್ನು ಯಾರೂ ಮರೆತಿಲ್ಲ. ಆದ್ದರಿಂದ ಸೇರುವ ಮುಂಚೆ ಅದೇ ಕಾಲೇಜಿನ ಎರಡನೇ ವರ್ಷದ ಹುಡುಗರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ. ಪ್ರಾಸ್ಪೆಕ್ಟಸ್ಸಿನಲ್ಲಿ ಇಲ್ಲದ್ದನ್ನೆಲ್ಲ ಒಂದು ಪ್ಲೇಟು ಮಂಡಕ್ಕಿ ಮೆಣಸಿನಕಾಯಿ ಮುಗಿಯುವುದರೊಳಗೆ ಹೇಳುತ್ತಾರೆ.

ಕಾಗದಪತ್ರದ ಕಥೆಯನ್ನೂ ಒಂದಿಷ್ಟು ಹೇಳಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳ ಕಾಲೇಜುಗಳ ಅರ್ಜಿ 2021ರಿಂದ ಯು.ಯು.ಸಿ.ಎಂ.ಎಸ್. ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಹಿಂದೆ ಏನೇ ತೊಡಕಾದರೂ ಶಂಕರಘಟ್ಟಕ್ಕೆ ಓಡಬೇಕಿತ್ತು, 2009ರಲ್ಲಿ ದಾವಣಗೆರೆಗೇ ವಿಶ್ವವಿದ್ಯಾಲಯ ಬಂದ ಮೇಲೆ ಆ ಓಡಾಟ ತಪ್ಪಿತು. ಈಗ ಓಡಾಟವೆಲ್ಲ ಸೈಬರ್ ಸೆಂಟರಿಗೆ. ಅಲ್ಲಿನ ಹುಡುಗ ಅವಸರಕ್ಕೆ ತನ್ನದೇ ಮೊಬೈಲ್ ನಂಬರು ಹಾಕಿಬಿಡುತ್ತಾನೆ. ಮುಂದೆ ಪರೀಕ್ಷೆ ಅರ್ಜಿ ತುಂಬುವಾಗ ಓ.ಟಿ.ಪಿ. ಅವನಿಗೆ ಹೋಗುತ್ತದೆ, ಅವನು ಅಂಗಡಿ ಮುಚ್ಚಿ ಬೆಂಗಳೂರು ಸೇರಿರುತ್ತಾನೆ! ನಿಮ್ಮ ನಂಬರನ್ನೇ ಹಾಕಿಸಿ, ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಹೆಸರಿನದು ಇನ್ನೊಂದು ಗೋಳು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಒಂದು ಸ್ಪೆಲ್ಲಿಂಗು, ಆಧಾರಿನಲ್ಲಿ ಇನ್ನೊಂದು ಇದ್ದರೆ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ತೂಗಾಡುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ಈಗಲೇ ನೋಡಿಕೊಳ್ಳಿ. ನಾಡಕಚೇರಿಯ ಸಾಲು ಕಾಲೇಜಿನ ಸಾಲಿಗಿಂತ ಉದ್ದ. ಹಾಸ್ಟೆಲ್ ಅರ್ಜಿ ಬೇರೆ, ವಿದ್ಯಾರ್ಥಿವೇತನದ ಅರ್ಜಿ ಬೇರೆ. ಒಂದು ಹಾಕಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ.

ಸಿ.ಇ.ಟಿ., ನೀಟ್ ಸೀಟಿಗೆ ಕಾಯುತ್ತಾ ‘ಇರಲಿ ಒಂದು’ ಎಂದು ಡಿಗ್ರಿ ಸೇರುವವರೂ ಇದ್ದಾರೆ. ಅವರು ಒರಿಜಿನಲ್ ಕೊಡುವ ಮುಂಚೆ ನಾಲ್ಕೈದು ಜೆರಾಕ್ಸ್ ತೆಗೆಸಿ, ದೃಢೀಕರಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಒರಿಜಿನಲ್ ಹಿಡಿದಿಟ್ಟುಕೊಳ್ಳಬಾರದೆಂದು ಯು.ಜಿ.ಸಿ. 2018ರಲ್ಲೇ ಹೇಳಿದೆ. ಕೇಳಿದರೆ ವಾಪಸ್ ಕೊಡಲೇಬೇಕು, ಆದರೆ ಕೇಳುವ ಧೈರ್ಯ ಬೇಕಲ್ಲ!

ಕಾಲೇಜಿನವರಿಗೂ ಒಂದು ಮಾತು. ಅಡ್ಮಿಷನ್ ನಡೆಯುವಷ್ಟು ದಿನ ಕೌಂಟರಿನ ಪಕ್ಕ ಒಂದು ಬೆಂಚು ಹಾಕಿ ಒಬ್ಬರು ಮೇಷ್ಟ್ರನ್ನು ಕೂರಿಸಲು ಯಾವ ಸರ್ಕಾರಿ ಆದೇಶವೂ ಬೇಡ, ಬಜೆಟ್ಟೂ ಬೇಡ. ಚಹಾಕ್ಕೆ ಹೊರಟ ಮೇಷ್ಟ್ರು ಅಂದು ಐದು ನಿಮಿಷ ತಡವಾಗಿ ಬಂದಿದ್ದರೆ ಏನಾಗುತ್ತಿತ್ತು?

ಅಂದು ಏನಾಯಿತೆಂದರೆ, ಆ ಅಪ್ಪ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ‘ಅದರ ಕ್ಲಾಸು ಎಷ್ಟೊತ್ತಿಗೆ ಬಿಡ್ತತಿ ಸಾರ್?’ ಐಚ್ಛಿಕ ಇಂಗ್ಲಿಷಿನ ಪಾಠ ದಿನದ ಕೊನೆಯದು. ಅವರ ಊರಿಗೆ ನೇರ ಹೋಗುವ ಬಸ್ಸು ಅದಕ್ಕೂ ಮೊದಲೇ ಹೊರಡುತ್ತದೆ. ಹುಡುಗಿಯ ಮುಖ ಇಷ್ಟಾಯಿತು. ‘ಹೋಗ್ಲಿ ಬಿಡಪ್ಪ, ಎಚ್.ಇ.ಪಿ.ನೇ ಇರ್ಲಿ’ ಅಂದಳು.

ಅಪ್ಪ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು, ‘ಜಗಳೂರು ತನಕ ಬಾ, ಅಲ್ಲಿಂದ ನಾನ್ ಗಾಡ್ಯಾಗೆ ಕರ್ಕಂಡ್ ಹೋಗ್ತೀನಿ. ಬರ್ಕೊಳ್ರಿ ಸಾರ್’ ಅಂದರು.

ಏಳನೆಯ ಹೆಸರು ಪಟ್ಟಿಗೆ ಬಿತ್ತು. ಇಂದು ಮಧ್ಯಾಹ್ನ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಗುಮಾಸ್ತರಿಗೆ ಫೋನು ಮಾಡಿದ್ದೆವು. ಒಂಬತ್ತಾಗಿದೆಯಂತೆ. ಅಡ್ಮಿಷನ್ನಿಗೆ ಇನ್ನೂ ನಾಲ್ಕು ದಿನ ಇದೆ.