ಮೊಣಕಾಲಿನ ಸಂಧಿವಾತ: ಅಸ್ಥಿಛೇದನ ಮತ್ತು ಭಾರದ ಹಂಚಿಕೆ

ರೋಗವಿರುವುದು ಒಂದೆಡೆ, ಶಸ್ತ್ರ ಬೀಳುವುದು ಇನ್ನೊಂದೆಡೆ. ಇಂತಹ ಚಿಕಿತ್ಸೆ ಮೊದಲ ನೋಟಕ್ಕೆ ವಿಚಿತ್ರವಾಗಿ ತೋರುವುದು ಸಹಜ. ಮೊಣಕಾಲಿನ ಕೀಲು ಸವೆದು ನಡೆಯಲಾರದ ರೋಗಿಯಲ್ಲಿ, ಸವೆದ ಕೀಲನ್ನು ಬಿಟ್ಟು ಅದರ ಕೆಳಗಿರುವ ನಿರೋಗಿಯಾದ ಎಲುಬನ್ನು ವೈದ್ಯನು ಕತ್ತರಿಸುತ್ತಾನೆ. ಆದರೂ ನೋವು ತಗ್ಗುತ್ತದೆ. ಇದರ ಕಾರಣವನ್ನು ಔಷಧಶಾಸ್ತ್ರಕ್ಕಿಂತ ಹೆಚ್ಚಾಗಿ ಬಲವಿಜ್ಞಾನದಲ್ಲಿ ಹುಡುಕಬೇಕು.

ತೊಡೆಯೆಲುಬಿನ ಕೆಳತುದಿಯ ಎರಡು ಉಬ್ಬುಗಳು ಜಂಘಾಸ್ಥಿಯ, ಎಂದರೆ ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿನ, ಮೇಲ್ತುದಿಯ ಎರಡು ಹಾಸುಗಳ ಮೇಲೆ ಕುಳಿತಿವೆ. ಒಂದು ಒಳಮಗ್ಗುಲು, ಇನ್ನೊಂದು ಹೊರಮಗ್ಗುಲು. ನಡುವೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಇಲ್ಲಿ ಭಾರ ಬೇರೆ, ಒತ್ತಡ ಬೇರೆ ಎಂಬುದನ್ನು ಮರೆಯಬಾರದು. ಅದೇ ಭಾರವು ವಿಶಾಲವಾದ ಜಾಗದಲ್ಲಿ ಹರಡಿದರೆ ಒತ್ತಡ ಕಡಮೆ. ಕಿರಿದಾದ ಜಾಗದಲ್ಲಿ ನೆಲೆಸಿದರೆ ಹೆಚ್ಚು. ಚೌಕ ಕಂಬವೊಂದರ ನಟ್ಟನಡುವೆ ಭಾರವಿಟ್ಟರೆ ಒತ್ತಡ ಎಲ್ಲೆಡೆಯೂ ಸಮನಾಗಿರುತ್ತದೆ. ಅದೇ ಭಾರವನ್ನು ಕಂಬದ ಅಗಲದ ಆರನೆಯ ಒಂದು ಭಾಗದಷ್ಟು ಪಕ್ಕಕ್ಕೆ ಸರಿಸಿದರೆ ಸಾಕು, ಆ ಕಡೆಯ ಅಂಚಿನಲ್ಲಿ ಒತ್ತಡ ಇಮ್ಮಡಿಯಾಗುತ್ತದೆ. ಎದುರು ಅಂಚಿನಲ್ಲಿ ಏನೂ ಉಳಿಯುವುದಿಲ್ಲ. ಭಾರ ಹೆಚ್ಚಲಿಲ್ಲ, ಅದರ ನೆಲೆ ಮಾತ್ರ ಬದಲಾಯಿತು.

ನಡೆಯುವಾಗ ಪ್ರತಿ ಹೆಜ್ಜೆಯಲ್ಲಿಯೂ ದೇಹವು ಕೆಲಹೊತ್ತು ಒಂದೇ ಕಾಲಿನ ಮೇಲೆ ನಿಲ್ಲುತ್ತದೆ. ಆಗ ದೇಹದ ಗುರುತ್ವಕೇಂದ್ರವು ಆ ಮೊಣಕಾಲಿನ ಒಳಬದಿಗಿರುವುದರಿಂದ ದೇಹ ಒಳಕ್ಕೆ ವಾಲಲು ಯತ್ನಿಸುತ್ತದೆ. ತೊಡೆಯ ಹೊರಬದಿಯ ಸ್ನಾಯು ಮತ್ತು ಪಟ್ಟಿಗಳು ಎದುರು ಎಳೆತದಿಂದ ಅದನ್ನು ತಡೆಯುತ್ತವೆ. ಕೀಲು ಇಲ್ಲಿ ತಕ್ಕಡಿಯ ಆಧಾರವಿದ್ದಂತೆ. ಎರಡು ತಟ್ಟೆಗಳ ಭಾರವನ್ನೂ ಅದೇ ಹೊರಬೇಕು. ಆದಕಾರಣ ಸಮನೆಲದ ನಡಿಗೆಯಲ್ಲಿಯೂ ಮೊಣಕಾಲಿನ ಮೇಲೆ ದೇಹಭಾರದ ಸುಮಾರು ಎರಡೂವರೆ ಪಟ್ಟು ಬಲ ಬೀಳುತ್ತದೆ. 70 ಕಿಲೋಗ್ರಾಂ ತೂಗುವವನ ಕೀಲು 175 ಕಿಲೋಗ್ರಾಂನಷ್ಟನ್ನು ಹೊರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಒಳಮಗ್ಗುಲಿಗೆ ಸೇರಿದ್ದು.

ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದರೆ ಈ ತಕ್ಕಡಿಯ ಒಳತೋಳು ಉದ್ದವಾಗುತ್ತದೆ. ಅದನ್ನು ಸರಿದೂಗಿಸಲು ಸ್ನಾಯುಗಳು ಇನ್ನೂ ಬಲವಾಗಿ ಎಳೆಯಬೇಕು. ಕೀಲಿನ ಒಟ್ಟು ಭಾರವೂ ಏರುತ್ತದೆ, ಅದರ ನೆಲೆಯೂ ಒಳಕ್ಕೆ ಸರಿಯುತ್ತದೆ. ಒಳಗಿನ ಮೃದ್ವಸ್ಥಿ ಸವೆಯುತ್ತದೆ; ಸವೆದಷ್ಟೂ ಕಾಲು ಬಾಗುತ್ತದೆ; ಬಾಗಿದಷ್ಟೂ ಸವೆತ ಹೆಚ್ಚುತ್ತದೆ. ಚಕ್ರಬಡ್ಡಿಯ ಸಾಲದಂತೆ ಈ ರೋಗ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಎಲುಬು ಒತ್ತಡಕ್ಕೆ ತಕ್ಕಂತೆ ತನ್ನ ರಚನೆಯನ್ನು ಮಾರ್ಪಡಿಸಿಕೊಳ್ಳುತ್ತದೆಂದು ಜರ್ಮನಿಯ ಫ್ರೀಡ್ರಿಕ್ ಪಾವೆಲ್ಸ್ (1885–1980) ವಿವರಿಸಿದನು. ಬೆಲ್ಜಿಯಮಿನ ಪಾಲ್ ಮಾಕೆ 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತತ್ತ್ವವನ್ನು ಮೊಣಕಾಲಿಗೆ ಅನ್ವಯಿಸಿದನು. ರೋಗಗ್ರಸ್ತ ಕೀಲಿನ ಕ್ಷಕಿರಣ ಚಿತ್ರದಲ್ಲಿ ಒಳಹಾಸಿನ ಕೆಳಗೆ ಎಲುಬು ದಟ್ಟವಾಗಿ, ತ್ರಿಕೋನಾಕಾರದಲ್ಲಿ ಕಾಣುತ್ತದೆ. ಸಮರ್ಪಕವಾದ ಶಸ್ತ್ರಕ್ರಿಯೆಯ ಅನಂತರ ಆ ತ್ರಿಕೋನ ಕ್ರಮೇಣ ಕರಗಿ, ಎರಡು ಮಗ್ಗುಲುಗಳ ದಟ್ಟತೆಯೂ ಸಮನಾಗುತ್ತ ಬರುತ್ತದೆ. ಒತ್ತಡ ಹಂಚಿಹೋಯಿತೆಂಬುದಕ್ಕೆ ಎಲುಬೇ ನುಡಿಯುವ ಸಾಕ್ಷ್ಯವಿದು.

ಇಂಗ್ಲೆಂಡಿನ ಜ್ಯಾಕ್ಸನ್ ಮತ್ತು ವಾ 1961ರಲ್ಲಿಯೂ, ಅಮೆರಿಕದ ಮೇಯೊ ಚಿಕಿತ್ಸಾಲಯದ ಕವೆಂಟ್ರಿ 1965ರಲ್ಲಿಯೂ ಪ್ರಕಟಿಸಿದ ಲೇಖನಗಳಿಂದ ಈ ಅಸ್ಥಿಛೇದನ ಪ್ರಸಿದ್ಧಿಗೆ ಬಂದಿತು. ಕವೆಂಟ್ರಿಯ ಕ್ರಮದಲ್ಲಿ ಜಂಘಾಸ್ಥಿಯ ಮೇಲ್ಭಾಗದ ಹೊರಬದಿಯಿಂದ ಬೆಣೆಯಾಕಾರದ ತುಂಡೊಂದನ್ನು ತೆಗೆದು ಸಂದನ್ನು ಮುಚ್ಚುತ್ತಾರೆ. ಇನ್ನೊಂದು ಕ್ರಮದಲ್ಲಿ ಒಳಬದಿಯಿಂದ ಎಲುಬನ್ನು ಸೀಳಿ, ಬೆಣೆಯಷ್ಟು ಅಗಲಿಸಿ, ಲೋಹದ ಪಟ್ಟಿಯಿಂದ ಬಿಗಿಯುತ್ತಾರೆ. ಎರಡರ ಗುರಿಯೂ ಒಂದೇ: ಸೊಂಟದ ಕೀಲಿನ ಕೇಂದ್ರದಿಂದ ಪಾದದ ಹರಡಿನ ಕೇಂದ್ರಕ್ಕೆಳೆದ ಭಾರರೇಖೆ ಮೊಣಕಾಲಿನ ಸವೆದ ಒಳಮಗ್ಗುಲನ್ನು ಬಿಟ್ಟು ಹೊರಕ್ಕೆ ಸರಿಯಬೇಕು.

ಎಷ್ಟು ಸರಿಯಬೇಕು? ಯಶಸ್ಸು ನಿಂತಿರುವುದು ಈ ಪ್ರಶ್ನೆಯ ಮೇಲೆ. ಜಪಾನಿನ ಫುಜಿಸಾವಾ ಮತ್ತು ಸಂಗಡಿಗರು ಕೀಲಿನೊಳಗೆ ದರ್ಶಕ ನಳಿಕೆಯನ್ನಿಳಿಸಿ 54 ಮೊಣಕಾಲುಗಳನ್ನು ಪರೀಕ್ಷಿಸಿ 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದನ್ನು ಅನುಸರಿಸಿ, ಒಳ ಅಂಚಿನಿಂದ ಅಳೆದು ಕೀಲಿನ ಅಗಲದ ಶೇಕಡಾ 62ರ ಸುಮಾರಿಗೆ ರೇಖೆ ಹಾಯಬೇಕೆಂಬ ನಿಯಮ ಬಳಕೆಗೆ ಬಂದಿತು. ಹಾನಿಯ ಪ್ರಮಾಣವನ್ನು ನೋಡಿ ಇದಕ್ಕಿಂತ ಒಳಗಿನ ಬಿಂದುವನ್ನು ಆರಿಸುವುದೂ ಈಗ ಉಂಟು. ತಿದ್ದುಪಡಿ ಸಾಲದಿದ್ದರೆ ನೋವು ಮರಳುತ್ತದೆ. ಮಿತಿಮೀರಿದರೆ ಆರೋಗ್ಯವಾಗಿದ್ದ ಹೊರಮಗ್ಗುಲು ಸವೆಯತೊಡಗುತ್ತದೆ. ರೇಖೆಯೊಂದೇ ಸಾಲದೆಂಬುದೂ ಗಮನಾರ್ಹ. ಆಗ್ನೆಸ್‌ಕಿರ್ಚ್ನರ್ ಮತ್ತು ಸಂಗಡಿಗರು ಮೃತದೇಹಗಳ ಮೊಣಕಾಲುಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಳಬದಿಯ ಸೀಳನ್ನು ಅಗಲಿಸಿದಾಗ ಅಲ್ಲಿನ ಅಸ್ಥಿಬಂಧ ಬಿಗಿದು ಒಳಮಗ್ಗುಲಿನ ಒತ್ತಡ ಏರಿತು. ಆ ಬಂಧವನ್ನು ಬಿಡಿಸಿದ ಮೇಲೆಯೇ ಅದು ಇಳಿಯಿತು.

ಸವೆತ ಒಂದೇ ಮಗ್ಗುಲಿಗೆ ಸೀಮಿತವಾಗಿದ್ದು, ಕಾಲು ಚೆನ್ನಾಗಿ ಮಡಿಯುತ್ತಿದ್ದು, ವಯಸ್ಸು ಮೀರಿರದ ರೋಗಿಗೆ ಈ ಚಿಕಿತ್ಸೆ ಹೆಚ್ಚು ಒಪ್ಪುತ್ತದೆ. ಇಡೀ ಕೀಲು ಹಾಳಾಗಿದ್ದರೆ ಹಂಚಿಕೊಳ್ಳಲು ಆರೋಗ್ಯವಾದ ಪಾಲುದಾರನೇ ಇರುವುದಿಲ್ಲ. ಅಂಥಲ್ಲಿ ಕೃತಕ ಕೀಲೇ ಗತಿ. ಅಸ್ಥಿಛೇದನ ಸವೆದುದನ್ನು ಹೊಸದಾಗಿಸುವುದಿಲ್ಲ. ಉಳಿದಿರುವ ಶಕ್ತಿಯ ಮೇಲೆ ಭಾರವನ್ನು ನ್ಯಾಯವಾಗಿ ಹಂಚಿ, ಹುಟ್ಟಿನಿಂದ ಬಂದ ಕೀಲನ್ನೇ ಇನ್ನಷ್ಟು ವರ್ಷ ಉಳಿಸಿಕೊಡುತ್ತದೆ. ನಡುವಯಸ್ಸಿನಲ್ಲಿ ದುಡಿದು ಬಾಳಬೇಕಾದವನಿಗೆ ಆ ವರ್ಷಗಳ ಬೆಲೆ ಅಲ್ಪವಲ್ಲ.